ಅಪ್ಪನಿಗೆ ಬೈಯದ ಗಾಡಿ

ಗಾಡಿ ಮತ್ತೆ ನವೀನನಿಗೆ ಬೈಯಿತು.

ಮೊದಲು ಸ್ಪೀಡ್ ತೋರಿಸುವ ಪರದೆಯ ಮೇಲೆ ಸ್ಟೇರಿಂಗಿನ ಚಿತ್ರ ಮೂಡಿತು, ಅದನ್ನು ಹಿಡಿದ ಎರಡು ಕಿತ್ತಳೆ ಬಣ್ಣದ ಕೈಗಳು ಮೂಡಿದವು. ಅವನು ನೋಡಿಯೂ ನೋಡದವನಂತೆ ರಸ್ತೆಯನ್ನೇ ದಿಟ್ಟಿಸಿದ. ಸ್ವಲ್ಪ ಹೊತ್ತಿಗೆ ಟಿಣ್ ಟಿಣ್ ಎಂಬ ಸದ್ದು ಶುರುವಾಯಿತು. ಅವನ ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು. ಬೆಳಿಗ್ಗೆ ಬನಹಟ್ಟಿ ಬಿಟ್ಟಾಗಿನಿಂದ ಅಲ್ಲೇ ಇದ್ದವು.

"ಹಿಡಿಯಲೇ, ಹಿಡಿ," ಪಕ್ಕದ ಸೀಟಿನಲ್ಲಿದ್ದ ಅಪ್ಪ ರಾಮಲಿಂಗಪ್ಪ ನಕ್ಕ. "ನಿನ್ನ ಲಕ್ಷ್ಯ ಎಲ್ಲೋ ಐತಿ ಅಂತ ಗಾಡಿಗೂ ಗೊತ್ತಾತು."

"ಹಿಡದೇನಿ ಯಪ್ಪಾ. ಎರಡೂ ಕೈ ಇಲ್ಲೇ ಅದಾವು, ನೋಡು."

"ನಾ ನೋಡಿದ್ರ ಏನ್ ಬಂತು? ಅದಕ್ಕ ಕಾಣಬೇಕಲ್ಲ."

ಹಿಂದಿನ ಸೀಟಿನಲ್ಲಿ ಹಸಿರು ಸೀರೆ, ಬಳೆ, ಹಣ್ಣು, ಹೋಳಿಗೆಯ ಡಬ್ಬಿಗಳ ನಡುವೆ ಅವ್ವ ಶೇವಂತಿ ಕೂತಿದ್ದಳು. ಡಬ್ಬಿಯೊಂದು ಜಾರದಂತೆ ಮೊಣಕೈಯಿಂದ ಒತ್ತಿ ಹಿಡಿದು, "ಏನರೆ ಮಾಡು, ಆ ಸಪ್ಪಳ ಬಂದ್ ಮಾಡೋ ಮಾರಾಯಾ. ಎದಿ ಧಸಕ್ ಅಂತೈತಿ," ಎಂದಳು.

ನವೀನ ಸ್ಟೇರಿಂಗನ್ನು ಕೊಂಚ ಎಳೆದ. ಸದ್ದು ನಿಂತಿತು. ಅವನ ಎಡಗಾಲು ಮಾತ್ರ ನಿಲ್ಲಲಿಲ್ಲ. ಜಮಖಂಡಿ ದಾಟಿದಾಗಿನಿಂದ ಅದು ತಾನೇ ತಾನಾಗಿ ತಾಳ ಹಾಕುತ್ತಿತ್ತು.

ದಸರೆಗೆ ತಂದ ಗಾಡಿ. ಕನ್ನಡಿಯ ಹಿಂದೆ ಕೂತ ಕ್ಯಾಮೆರಾ ರಸ್ತೆಯ ಬಿಳಿ ಗೆರೆಗಳನ್ನು ನೋಡುತ್ತದೆ. ಸ್ಟೇರಿಂಗಿನ ಮೇಲಿನ ಗುಂಡಿ ಒತ್ತಿದರೆ ಹಸಿರು ದೀಪ ಹತ್ತುತ್ತದೆ. ಆಮೇಲೆ ಎರಡು ಗೆರೆಗಳ ನಟ್ಟನಡುವೆ ಗಾಡಿ ತನ್ನನ್ನು ತಾನೇ ಹಿಡಿದುಕೊಂಡು ಹೋಗುತ್ತದೆ. ಹಾಗಂತ ಕೈ ಬಿಡುವಂತಿಲ್ಲ. ಬಿಟ್ಟರೆ ಬೈಯುತ್ತದೆ. ಬೈದರೂ ಹಿಡಿಯದಿದ್ದರೆ ದೀಪ ಆರಿಸಿ, ಇನ್ನು ನಿನ್ನ ಪಾಡು ನಿನಗೆ ಎಂದು ಬಿಟ್ಟುಬಿಡುತ್ತದೆ. ಗೆರೆ ಅಳಿಸಿಹೋದ ಕಡೆಯೂ ಅಷ್ಟೇ, ಆದರೆ ಅಲ್ಲಿ ಬೈಯುವುದೂ ಇಲ್ಲ, ದೀಪ ಸುಮ್ಮನೆ ಆರುತ್ತದೆ. ಇಷ್ಟನ್ನು ಶೋರೂಮಿನವನು ಹೇಳಿದ್ದ. ಅವನು ಹೇಳದೆ ಬಿಟ್ಟದ್ದು, ಈ ಗಾಡಿ ಮನೆಯಲ್ಲಿ ಒಬ್ಬರಿಗೆ ಮಾತ್ರ ಬೈಯುತ್ತದೆ ಎಂಬುದನ್ನು. ನವೀನ ಕೂತರೆ ಮೈಲಿಗೊಂದು ಸಲ ಬೈಗುಳ. ಅಪ್ಪ ಕೂತರೆ ಬನಹಟ್ಟಿಯಿಂದ ಮುಧೋಳದವರೆಗೆ ಹೋಗಿ ಬಂದರೂ ಚಕಾರವಿಲ್ಲ.

"ನನಗ ಒಂದ್ ದಿನಾನೂ ಬೈದಿಲ್ಲ," ಎಂದು ರಾಮಲಿಂಗಪ್ಪ ಓಣಿಯ ತುಂಬ ಹೇಳಿಕೊಂಡು ಬಂದಿದ್ದ. ನೂಲಿನ ಅಂಗಡಿಯಲ್ಲಿ, ಚಹಾದ ಅಂಗಡಿಯಲ್ಲಿ, ಪವರ್‌ಲೂಮಿನ ಶೆಡ್ಡಿನಲ್ಲಿ. ಕೇಳಿದವರೆಲ್ಲ ತಲೆದೂಗಿದ್ದರು. ನೇಕಾರರ ಊರಿನಲ್ಲಿ ಯಂತ್ರವನ್ನು ಅನುಮಾನಿಸುವ ರೂಢಿ ಇಲ್ಲ. ಮಗ್ಗ ನಡೆಯುತ್ತಿದೆ ಎಂದರೆ ಎಲ್ಲ ಸರಿಯಿದೆ ಎಂದರ್ಥ. ಅಡ್ಡ ನೇಯುವ ಹೊಕ್ಕಿನ ಎಳೆ ಹರಿದರೆ ಮಗ್ಗ ತಾನೇ ನಿಲ್ಲುತ್ತದೆ, ನಿಂತಾಗ ಎದ್ದು ಹೋಗಿ ನೋಡಿದರಾಯಿತು. ನಡೆಯುತ್ತಿರುವ ಮಗ್ಗದ ಮುಂದೆ ನಿಂತು ಚಿಂತಿಸುವವನನ್ನು ಅಲ್ಲಿ ಹುಚ್ಚ ಎನ್ನುತ್ತಾರೆ.

ನವೀನ ಚಿಂತಿಸುತ್ತಿದ್ದ. ಹೋದ ವರ್ಷದಿಂದ ಅಪ್ಪನ ಕೈ ನಡುಗುತ್ತಿತ್ತು.

ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲು ಚಹಾದ ಕಪ್-ಬಸಿ ಮನೆಯಿಂದ ಮಾಯವಾಗಿ ದಪ್ಪ ತಳದ ಸ್ಟೀಲಿನ ಲೋಟ ಬಂತು. ಆಮೇಲೆ ಅಂಗಿಯ ಗುಂಡಿಗಳನ್ನು ಅವ್ವ ಹಾಕತೊಡಗಿದಳು. ಮಗ್ಗದ ಮೇಲಿನ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ ಕೂಡಿಸುವ ಕೆಲಸದಲ್ಲಿ ಅಪ್ಪನ ಬೆರಳು ಹೇಗೆ ಓಡುತ್ತಿದ್ದವೆಂದರೆ ನೋಡುವವರ ಕಣ್ಣು ಸೋಲುತ್ತಿತ್ತು. ಒಂದು ದಿನ ಆತ, "ಕಣ್ಣ ಮಂಜ ಆಗ್ಯಾವು," ಎಂದು ಆ ಕೆಲಸದಿಂದ ಎದ್ದವನು ಮತ್ತೆ ಕೂರಲಿಲ್ಲ. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿವೆ ಎಂದರು. ಆ ಮಾತನ್ನೂ ಯಾರೂ ಮುಂದುವರಿಸಲಿಲ್ಲ. ನಡುಗುವ ಕೈಗೆ ಅವರ ಓಣಿಯಲ್ಲಿ ಒಂದೇ ಅರ್ಥ, ಕುಡುಕ. ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯನಿಗೆ ಆ ಹೆಸರು ಬಂದರೆ? ಮುಧೋಳದಲ್ಲಿ ನರದ ಡಾಕ್ಟರೊಬ್ಬರಿದ್ದಾರೆ ಎಂದು ನವೀನ ಒಮ್ಮೆ ಸುಮ್ಮನೆ ಗಾಳಿಯಲ್ಲಿ ಬಿಟ್ಟಂತೆ ಹೇಳಿ ನೋಡಿದ್ದ. "ಯಾರಿಗೆ? ನಿನಗೇನು?" ಎಂದು ಅಪ್ಪ ಎರಡೂ ಕೈಯನ್ನು ಟವೆಲ್ಲಿನ ಅಡಿಗೆ ಸೇರಿಸಿ ಎದ್ದು ಹೋಗಿದ್ದ.

ಇವತ್ತು ಬೀಳಗಿಯಲ್ಲಿ ತಂಗಿ ಅಕ್ಷತಾಳ ಕುಬಸ. ತವರಿನವರು ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರುವ ದಿನ. ಡ್ರೈವರ್ ಸಮೇತ ಬಾಡಿಗೆ ಗಾಡಿ ಹೇಳೋಣವೆಂದು ನವೀನ ವಾರದಿಂದ ಗೋಗರೆದಿದ್ದ. ಅಪ್ಪ ಒಪ್ಪಲಿಲ್ಲ. "ಬಾಗಲಾಗ ಸ್ವಂತ ಗಾಡಿ ನಿಂದರಿಸಿ, ಮಗಳನ್ನ ಬಾಡಗಿ ಗಾಡ್ಯಾಗ ತರ್ಲೇನು? ಹೋಗೂಮುಂದ ನೀ ಹಿಡಿ, ಬರೂಮುಂದ ನಾ ಹಿಡೀತೀನಿ. ನನ್ನ ಮಗಳನ್ನ ನಾನ ತರಾವ." ನವೀನನ ಎಡಗಾಲು ತಾಳ ಹಾಕುತ್ತಿದ್ದುದು ಇದಕ್ಕೇ. ಬರುವಾಗ ಹಿಂದಿನ ಸೀಟಿನಲ್ಲಿ ತುಂಬು ಬಸುರಿ ತಂಗಿ, ಮುಂದೆ ಆ ಕೈಗಳು, ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಬೀಳಗಿ ತಲುಪುವುದರೊಳಗೆ ಹೇಳಬೇಕು. ಹೇಳುವುದಾದರೂ ಏನು? ಗಾಡಿಯೇ ಅಪ್ಪನ ಪರವಾಗಿ ಸಾಕ್ಷಿ ಹೇಳುತ್ತಿದೆಯಲ್ಲ.

ಟಿಣ್ ಟಿಣ್.

"ಹ್ಹಿ," ಅಪ್ಪ ಕಿಟಕಿಯ ಕಡೆ ತಿರುಗಿ ನಕ್ಕ.

*

ಬೀಗರಾದ ಅಂದಾನೆಪ್ಪನ ಮನೆ ಬೀಳಗಿಯ ಪೇಟೆಯ ಹಿಂದೆ. ಗೊಬ್ಬರ, ಬೀಜದ ವ್ಯಾಪಾರ. ಮಾತಿನಲ್ಲಿಯೂ ಅಂಗಡಿಯ ಗದ್ದಲ. ಒಳಗೆ ಹೆಂಗಸರು ಅಕ್ಷತಾಳನ್ನು ಮಣೆಯ ಮೇಲೆ ಕೂರಿಸಿ ಹಾಡು ಹೇಳುತ್ತಿದ್ದರು. ನವೀನ ಬಾಗಿಲಲ್ಲಿ ನಿಂತು ನೋಡಿದ. ತಂಗಿಯ ಮುಖ ಉಬ್ಬಿತ್ತು, ಪಾದಗಳೂ ಉಬ್ಬಿದ್ದವು. ಅವನನ್ನು ಕಂಡವಳು ಹಾಡಿನ ನಡುವೆಯೇ ಕಣ್ಣಲ್ಲಿ, ಯಾವಾಗ ಹೋಗೋಣ, ಎಂದು ಕೇಳಿದಳು. ಮಗ್ಗದ ಗದ್ದಲದಲ್ಲಿ ಬೆಳೆದ ಮಕ್ಕಳಿಗೆ ಸದ್ದಿಲ್ಲದ ಮಾತು ಚೆನ್ನಾಗಿ ಬರುತ್ತದೆ. ಅವನೂ ಕಣ್ಣಲ್ಲಿಯೇ, ಊಟ ಆಗಲಿ, ಎಂದ.

ಊಟಕ್ಕೆ ಗಂಡಸರ ಪಂಕ್ತಿ. ಅಪ್ಪ ಗೋಡೆಯ ಮೂಲೆಯ ಎಲೆಯನ್ನೇ ಆರಿಸಿ ಕೂತ. ಹೋಳಿಗೆಯನ್ನು ಅವ್ವ ಬಡಿಸುವ ಮೊದಲೇ ಮುರಿದು ಚೂರು ಮಾಡಿದ್ದಳು. ತುಪ್ಪದ ಗಿಂಡಿ ಹಿಡಿದು ಬಂದ ಅಂದಾನೆಪ್ಪ ಚಮಚ ಹಾಕಿದ ಪಾಯಸದ ಬಟ್ಟಲನ್ನೂ ಮುಂದಿಟ್ಟ.

"ಬ್ಯಾಡ್ರಿ ಬೀಗರ," ಅಪ್ಪ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಹೇಳಿದ. "ನನಗ ಶುಗರ್ ಐತ್ರಿ."

"ಶುಗರಾ? ಯಾವಾಗ ಬಂತ್ರಿ?"

"ಮೊನ್ನಿ ಮೊನ್ನಿ."

"ಮತ್ತ ಹೋಳಿಗಿ ಹೊಡ್ಯಾಕತ್ತೀರಲ್ರಿ! ಹೋಳಿಗ್ಯಾಗ ಬೆಲ್ಲ ಇರೂದಿಲ್ಲೇನು? ಬನಹಟ್ಟಿ ಶುಗರ್ ಚಮಚ ಕಂಡ್ರ ಅಷ್ಟ ಏರತೈತೇನು?"

ಪಂಕ್ತಿಯೆಲ್ಲ ನಕ್ಕಿತು. ಅಪ್ಪನೂ ನಕ್ಕ.  ಚಮಚ ಬೇಡವೆಂದೇ ಅಪ್ಪ ಹೊಸ ರೋಗವೊಂದನ್ನು ಹುಟ್ಟಿಸಿಕೊಂಡಿದ್ದ.

ಕೈ ತೊಳೆಯುವಾಗ ಅಕ್ಷತಾಳ ಗಂಡ ಸಂಜಯ ಬಂದು ಹೆಗಲಿಗೆ ಗುದ್ದಿದ. "ಮಾವಾರು ಗಾಡಿ ಬಗ್ಗೆ ಭಾಳ ಹೇಳಾಕತ್ತಾರಲ್ಲೋ. ತಾನ ನಡು ಹಿಡದ ಹೊಕ್ಕೈತಂತ? ಒಂದ್ ರೌಂಡ್ ಹೊಡೀಲಿ ಕೊಡಪಾ."

ಇಬ್ಬರೂ ಬಾಡಗಂಡಿಯ ಕಡೆ ಹೊರಟರು. ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆ. ಅಲ್ಲಲ್ಲಿ ಬಿದ್ದ ಕಬ್ಬಿನ ಜಲ್ಲೆಗಳ ಮೇಲೆ ಗಾಲಿ ಹಾಯ್ದಾಗ ಚಟಚಟ ಸದ್ದು, ಗಾಳಿಯಲ್ಲಿ ಕಾಕಂಬಿಯ ವಾಸನೆ. ಗೆರೆಗಳು ಸ್ಪಷ್ಟವಾಗಿದ್ದ ಕಡೆ ಸಂಜಯ ಗುಂಡಿ ಒತ್ತಿದ. ಹಸಿರು ದೀಪ ಹತ್ತಿತು. ಸ್ಟೇರಿಂಗ್ ತಾನೇ ತುಸು ಅಲುಗಿದ್ದನ್ನು ಕಂಡು, "ಏ, ಏ, ದೆವ್ವ ಹೊಕ್ಕೈತೋ ಇದಕ್ಕ," ಎಂದು ಚಿಕ್ಕ ಮಗುವಿನ ಹಾಗೆ ಕಿರುಚಿದ. ಸ್ವಲ್ಪ ದೂರ ಹೋದ ಮೇಲೆ ಕಿತ್ತಳೆ ಕೈಗಳು ಮೂಡಿದವು. ಟಿಣ್ ಟಿಣ್.

"ಹಿಡದೇನಲ್ಲೋ! ಯಾಕ ಒದರತೈತಿ ಇದು?"

ನವೀನ ತಟಕ್ಕನೆ ನೆಟ್ಟಗೆ ಕೂತ. ಹಾಗಾದರೆ ತನಗೊಬ್ಬನಿಗೇ ಅಲ್ಲ. ಸಂಜಯನ ಕೈಗಳನ್ನು ನೋಡಿದ. ಗಟ್ಟಿಮುಟ್ಟಾದ ಕೈಗಳು, ಸ್ಟೇರಿಂಗಿನ ಮೇಲೆ ಕಲ್ಲಿನಲ್ಲಿ ಕೆತ್ತಿಟ್ಟ ಹಾಗೆ ಕೂತಿದ್ದವು. ಅಲುಗದ ಕೈ. ಕೈ ಇದೆಯೋ ಇಲ್ಲವೋ ಎಂದು ಗಾಡಿಗೆ ತಿಳಿಯುವುದಾದರೂ ಹೇಗೆ? ಅದು ಕೈಯನ್ನು ನೋಡುವುದಿಲ್ಲ. ಸ್ಟೇರಿಂಗಿಗೆ ಬೀಳುವ ಎಳೆತವನ್ನು ನೋಡುತ್ತದೆ.

"ಸಂಜೂ, ಒಂದ್ ಕೆಲಸ ಮಾಡು. ಕೈ ಹಂಗ ಇಟ್ಟು, ಸ್ವಲ್ಪ ನಡಗಸು."

"ಹೆಂಗ?"

"ಥಂಡಿ ಹತ್ತಿದವ್ರಂಗ. ಸಣ್ಣಗ."

ಸಂಜಯ ನಡುಗಿಸಿದ. ಬೈಗುಳ ಕತ್ತರಿಸಿದ ಹಾಗೆ ನಿಂತಿತು. ಕಾರ್ಖಾನೆಯ ಚಿಮಣಿ ದೊಡ್ಡದಾಗುತ್ತ ಬಂತು, ಎದುರಿಗೆ ಎರಡು ಟ್ರೇಲರಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹಾದುಹೋಯಿತು, ಗಾಡಿ ಮಾತ್ರ ಚಕಾರ ಎತ್ತಲಿಲ್ಲ. ಸಂಜಯ ನಡುಗಿಸುವುದನ್ನು ಬಿಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಕಿತ್ತಳೆ ಕೈ.

"ಅಬಾಬಾ!" ಸಂಜಯ ಗಹಗಹಿಸಿ ನಕ್ಕ. "ಅಂದ್ರ ಕುಡುದು ಕೈ ನಡಗಾವ್ರಿಗೆ ಮಸ್ತ್ ಗಾಡಿ ಮಾಡ್ಯಾರಲ್ಲೋ!"

ನವೀನ ನಗಲಿಲ್ಲ. "ಗಾಡಿ ತಿರಗಸು," ಎಂದ.

*

ಗೊತ್ತಾದದ್ದೇ ತಡ, ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೀಗರ ಮನೆಯ ಕಟ್ಟೆಯ ಮೇಲೆ ಅಪ್ಪ ಎಲೆ ಅಡಿಕೆಯ ತಟ್ಟೆಯನ್ನು ಮುಟ್ಟದೆ ಕೂತು, ಇಡೀ ಪೇಟೆಗೆ ಕೇಳುವಂತೆ ಗಾಡಿಯ ಪುರಾಣ ಹೇಳುತ್ತಿದ್ದ. ಅಳಿಯನಿಗೂ ಗಾಡಿ ಬೈಯಿತು ಎಂದು ತಿಳಿದಾಗ ಅವನ ಮುಖ ಅರಳಿತು. "ನೋಡಿದ್ರ್ಯಾ ಬೀಗರ? ಈಗಿನ ಹುಡುಗರಿಗೆ ಕೈ ಎಲ್ಲಿ ಇರಬೇಕು ಅನ್ನೂದು ಗೊತ್ತಿಲ್ಲ."

ನವೀನ ಅಪ್ಪನನ್ನು ಹಿತ್ತಲಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದ. ಹೇಳಬೇಕೆಂದಿದ್ದ ಮಾತು ಬಾಯಿಯವರೆಗೆ ಬಂದು ಬೇರೆಯಾಯಿತು.

"ಯಪ್ಪಾ, ಬರೂಮುಂದನೂ ನಾನ ಹಿಡೀತೀನಿ."

"ಯಾಕ?"

"ಆಕಿ ಬಸರಿ ಅದಾಳ."

"ಬಸರಿ ಅದಾಳ ಅಂತನ ನಾ ಹಿಡ್ಯಾವ. ಹೆಜ್ಜಿಗೊಮ್ಮೆ ಬೈಸಿಕೊಳ್ಳಾಂವನ ಕೈಯಾಗ ಮಗಳನ್ನ ಕೊಡ್ಲೇನು?"

"ಅದು ಬೈಯೂದು..." ನವೀನ ನಿಲ್ಲಿಸಿದ. ಅವ್ವ ಹಿಂಬಾಗಿಲಲ್ಲಿ ಬಂದು ನಿಂತಿದ್ದಳು. ಅವಳು ಮಗನ ಮುಖ ನೋಡಿದಳು, ಗಂಡನ ಕೈ ನೋಡಿದಳು, ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳು. ಇಲ್ಲಿ ಬೇಡ. ಬೀಗರ ಮನೆಯಲ್ಲಿ ಬೇಡ.

ಹೊರಡುವಾಗ ಬೆಲ್ಟಿನ ಜಗಳ. ಹೊಟ್ಟೆಗೆ ಒತ್ತುತ್ತದೆ, ಬೇಡ ಎಂದು ಅವ್ವ; ಹೊಟ್ಟೆಯ ಕೆಳಗೆ ಹಾಕಬೇಕು ಎಂದು ನವೀನ. "ನೀ ಎಷ್ಟ್ ಹಡದೀಯಲೇ?" ಎಂದಳು ಅವ್ವ. ಅಕ್ಷತಾ ಇಬ್ಬರನ್ನೂ ತಳ್ಳಿ ತಾನೇ ಬೆಲ್ಟನ್ನು ತೊಡೆಯ ಮೇಲೆ ಹಾಯಿಸಿ ಸಿಕ್ಕಿಸಿಕೊಂಡಳು. "ಹಡಿಯಾಕಿ ನಾ. ಇಬ್ರೂ ಬಾಯಿ ಮುಚ್ಚರಿ." ಅಪ್ಪ ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ಸರಿಪಡಿಸಿದ. ಕನ್ನಡಿ ಅವನ ಬೆರಳಿಗೆ ಸಿಕ್ಕಿ ಸಣ್ಣಗೆ ಕಟಕಟ ಎಂದಿತು. ಅಂದಾನೆಪ್ಪ ಕಿಟಕಿಯಲ್ಲಿ ಬಗ್ಗಿ, "ಶುಗರ್ ಬೀಗರ, ಸಾವಕಾಶ ಹೋಗ್ರಿ," ಎಂದ.

ಬೀಳಗಿಯ ಕೊನೆಯ ಮನೆಗಳು ಹಿಂದೆ ಸರಿದವು. ನೇರ ರಸ್ತೆ ಬಂತು, ಬಿಸಿಲಿಗೆ ಹೊಳೆಯುವ ಬಿಳಿ ಗೆರೆಗಳು ಬಂದವು. ಅಪ್ಪ ಗುಂಡಿ ಒತ್ತಿದ. ಹಸಿರು ದೀಪ. ನವೀನ ಪಕ್ಕದ ಸೀಟಿನಿಂದ ರಸ್ತೆಯನ್ನು ನೋಡಲಿಲ್ಲ. ಅಪ್ಪನ ಕೈಗಳನ್ನು ನೋಡಿದ. ಸ್ಟೇರಿಂಗಿನ ಚರ್ಮದ ಮೇಲೆ ಎರಡು ಹಕ್ಕಿಗಳು ಕೂತು ಮೈ ಕೊಡವುತ್ತಿದ್ದ ಹಾಗಿತ್ತು. ಅದರಡಿಯಲ್ಲಿ ಗಾಡಿ ತನ್ನ ಪಾಡಿಗೆ ನಡು ಹಿಡಿದು ಹೋಗುತ್ತಿತ್ತು, ತನ್ನನ್ನು ಹಿಡಿದವನು ಎಂಥ ಎಚ್ಚರದ ಮನುಷ್ಯ ಎಂಬ ನಂಬಿಕೆಯಲ್ಲಿ. ಮುಂದೆ ಕಾರ್ಖಾನೆಯ ಟ್ರ್ಯಾಕ್ಟರುಗಳು ಮಣ್ಣು ಮೆತ್ತಿ ಗೆರೆ ಮುಚ್ಚಿದ ಜಾಗಗಳಿವೆ. ಅಲ್ಲಿ ಹಸಿರು ದೀಪ ಸದ್ದಿಲ್ಲದೆ ಆರುತ್ತದೆ. ಆಗ ಉಳಿಯುವುದು ಈ ಕೈಗಳು ಮಾತ್ರ.

"ಯಪ್ಪಾ," ಹಿಂದಿನಿಂದ ಅಕ್ಷತಾ, "ಏನೋ ಬೈತೈತಿ ಅಂತಿದ್ರಿ. ಹೆಂಗ ಬೈತೈತಿ, ನನಗೂ ಕೇಳಸು."

"ನನಗ ಬೈಯೂದಿಲ್ಲವ್ವಾ ಅದು."

"ಕೈ ಬಿಟ್ರೂ ಬೈಯೂದಿಲ್ಲ?"

"ಬಿಡ್ಲೇನು? ಬಿಡತೀನಿ, ನೋಡು."

"ಏ ಬ್ಯಾಡ," ಎಂದು ಅವ್ವ ಹೇಳುವುದರೊಳಗೆ ಅಪ್ಪ ಕೈ ಎತ್ತಿಬಿಟ್ಟಿದ್ದ. ಗಾಡಿ ನೇರವಾಗಿ ಹೋಯಿತು. ಕಿತ್ತಳೆ ಕೈಗಳು ಮೂಡಿದವು, ಟಿಣ್ ಟಿಣ್ ಶುರುವಾಯಿತು, ಅಕ್ಷತಾ ಚಪ್ಪಾಳೆ ತಟ್ಟಿದಳು. ಅಪ್ಪ ಕೈಗಳನ್ನು ಮತ್ತೆ ಇಟ್ಟ; ಸದ್ದು ಅಳಿಸಿಹೋಯಿತು. "ಕಂಡ್ಯಾ?" ಕನ್ನಡಿಯಲ್ಲಿ ಮಗಳನ್ನು ನೋಡಿ ಅವನು ಹೇಳಿದ. "ಅದಕ್ಕ ನನ್ನ ಕೈ ಗುರ್ತು ಐತಿ. ನಿಮ್ಮಣ್ಣಂದು ಗುರ್ತ ಹಿಡ್ಯಾಕ ಒಲ್ಲದು."

"ಅದಕ್ಕ ಯಾರ ಕೈ ಗುರ್ತೂ ಇಲ್ಲ ಯಪ್ಪಾ," ಎಂದ ನವೀನ. ಹೇಳಬಾರದಿತ್ತು, ಹೀಗೆ ಹೇಳಬಾರದಿತ್ತು, ಆದರೆ ಮಾತು ಹೊರಬಿದ್ದಿತ್ತು. "ನಡುಕ ಗುರ್ತೈತಿ. ನಿನ್ನ ಕೈ ನಡಗತಾವು. ನಡಗೂದ್ರಿಂದ ಅದು ಸುಮ್ನ ಐತಿ. ಸಂಜೂನ ಕೈಲೆ ನಡಗಿಸಿ ನೋಡೀನಿ."

ಹಿಂದೆ ಅವ್ವ ಡಬ್ಬಿಯೊಂದನ್ನು ಸುಮ್ಮಸುಮ್ಮನೆ ಸರಿಸಿದಳು. ಅಕ್ಷತಾ ಮುಂದೆ ಬಗ್ಗಿ ಅಪ್ಪನ ಕೈ ನೋಡಿದಳು. ಹಬ್ಬ ಹುಣ್ಣಿಮೆಗೆ ಬಂದು ಹೋಗುವ ಮಗಳು, ಅವಳಿಗೆ ಇದು ಗೊತ್ತಿರಲಿಲ್ಲ.

"ಯಾವನಲೇ ನಡಗಾಂವ?" ಅಪ್ಪನ ದನಿ ಏರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. "ನಡಗತಾವಾ? ನೋಡು ಹಂಗಾರ."

ಅವನು ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಂಡ. ಸ್ಟೇರಿಂಗನ್ನು ಬಿಗಿಯಾಗಿ ಹಿಡಿದ. ಬೆರಳ ಗೆಣ್ಣುಗಳು ಬೆಳ್ಳಗಾದವು, ಕತ್ತಿನ ನರ ಎದ್ದು ನಿಂತಿತು, ದವಡೆ ಕಚ್ಚಿಕೊಂಡಿತು. ನಡುಕ ಮೊದಲು ಮಣಿಕಟ್ಟಿಗೆ ಇಳಿಯಿತು, ಆಮೇಲೆ ತೋಳಿಗೆ ಹೋಯಿತು, ಆಮೇಲೆ ಎಲ್ಲಿ ಹೋಯಿತೋ, ಕೈಗಳು ನಿಂತವು. ಹೋದ ವರ್ಷದ ಹಿಂದಿನ ಕೈಗಳು. ಎಳೆಗೆ ಎಳೆ ಗಂಟು ಹಾಕುತ್ತಿದ್ದ ಕೈಗಳು. ನವೀನನಿಗೆ ತಾನು ಹೇಳಿದ್ದೆಲ್ಲ ಸುಳ್ಳಾಗಲಿ ಎನ್ನಿಸಿತು. ಅಪ್ಪ ಉಸಿರು ಹಿಡಿದಿದ್ದ. ಕಬ್ಬಿನ ಗದ್ದೆಗಳು ಎರಡೂ ಕಡೆ ಓಡುತ್ತಿದ್ದವು.

ಟಿಣ್ ಟಿಣ್.

ಪರದೆಯ ಮೇಲೆ ಕಿತ್ತಳೆ ಕೈಗಳು. ಅಪ್ಪ ಅವುಗಳನ್ನು ನೋಡಿದ. ಇನ್ನೂ ಬಿಗಿ ಹಿಡಿದ. ಸದ್ದು ಜೋರಾಯಿತು, ಚಿತ್ರ ಕೆಂಪಾಯಿತು. ಇದ್ದ ಜೀವವನ್ನೆಲ್ಲ ಹಾಕಿ ಹಿಡಿದ ಕೈಗಳಿಗೆ, ಹಿಡಿ, ಹಿಡಿ, ಎಂದು ಗಾಡಿ ಕೂಗುತ್ತಿತ್ತು. ಕೊನೆಗೆ ಹಸಿರು ದೀಪ ಆರಿತು. ಅದೇ ಹೊತ್ತಿಗೆ ಅಪ್ಪನ ಉಸಿರು ಒಡೆಯಿತು. ತಡೆದಿಟ್ಟ ನಡುಕವೆಲ್ಲ ಒಮ್ಮೆಲೇ ಕೈಗೆ ನುಗ್ಗಿತು. ಈ ಸಲ ಅದನ್ನು ಮರೆಮಾಡಲು ಗಾಡಿ ಇರಲಿಲ್ಲ. ಗಾಡಿಯ ಮೂಗು ಎಡಕ್ಕೂ ಬಲಕ್ಕೂ ತೂಗಿತು, ಹಿಂದಿನಿಂದ ಅಕ್ಷತಾ, "ಯವ್ವಾ," ಎಂದಳು.

ಅಪ್ಪ ಬ್ರೇಕ್ ಒತ್ತಿದ. ಸಾವಕಾಶವಾಗಿಯೇ ಒತ್ತಿದ. ಕಾಲುಗಳು ಇನ್ನೂ ಅವನ ಮಾತು ಕೇಳುತ್ತಿದ್ದವು. ಗಾಡಿಯನ್ನು ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿ ನಿಲ್ಲಿಸಿದ, ಬಾಗಿಲು ತೆರೆದು ಇಳಿದು ಹೋದ, ಕಬ್ಬಿನ ಕಡೆ ಮುಖ ಮಾಡಿ ನಿಂತ.

 ಟ್ರ್ಯಾಕ್ಟರೊಂದು ಹಾಯ್ದು ಹೋದಾಗ ಗಾಡಿ ಅಲುಗಿತು.

"ಹೋಗ್ಲೇನು?" ನವೀನ ಅವ್ವನನ್ನು ಕೇಳಿದ.

"ಕುಂದರು," ಅವ್ವ ಹೇಳಿದಳು. "ಒಮ್ಮೆ ಮಾತಾಡಿದ್ದು ಸಾಕು."

ನವೀನ ಇಳಿದು ಸುತ್ತಿ ಬಂದು ಡ್ರೈವರ್ ಸೀಟಿನಲ್ಲಿ ಕೂತ. ಕೂತದ್ದು ಸರಿಯೋ ತಪ್ಪೋ ತಿಳಿಯದೆ ಮತ್ತೆ ಇಳಿಯಲು ಕಾಲು ಹೊರಗಿಟ್ಟ, ಒಳಗಿಟ್ಟ. ಸ್ವಲ್ಪ ಹೊತ್ತಿಗೆ ಅಪ್ಪ ಬಂದು ಆ ಕಡೆಯ ಬಾಗಿಲು ತೆರೆದು ಪಕ್ಕದಲ್ಲಿ ಕೂತ. ಮುಖ ಒಣಗಿತ್ತು.

"ಬನಹಟ್ಟಿತನಾ ನೀ ಹಿಡಿ," ಎಂದ. "ಓಣ್ಯಾಗ ನಾ ಹಿಡೀತೀನಿ. ಮಂದಿ ನೋಡತಾರ. ಅಷ್ಟ ಬಿಡು ನನಗ."

 ನವೀನ ಗುಂಡಿಯನ್ನು ಒತ್ತದೆ, ದೀಪ ಹತ್ತಿಸದೆ, ಬರೀ ಕೈಯಲ್ಲಿ ಗಾಡಿ ಓಡಿಸಿದ. ಜಮಖಂಡಿ ಬಂತು, ಹೋಯಿತು. ಅಪ್ಪ ಕಣ್ಣು ಮುಚ್ಚಿದ್ದ, ನಿದ್ದೆ ಬಂದಿರಲಿಲ್ಲ. ಬೀಗರು ಕೊಟ್ಟ ಬಾಳೆಹಣ್ಣನ್ನು ಅಕ್ಷತಾ ಸುಲಿದು ಹಿಂದಿನಿಂದ ಚಾಚಿದಳು, ಅಪ್ಪ ಬೇಡವೆಂದ, ಅವಳೇ ತಿಂದಳು. ನವೀನನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಓಣಿಯಲ್ಲಿ ಬಿಳಿ ಗೆರೆ ಇಲ್ಲ. ಅಲ್ಲಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಮುದುಕಿಯರಿದ್ದಾರೆ, ಮೇಕೆಗಳಿವೆ, ಶಾಲೆ ಬಿಟ್ಟು ಓಡಿಬರುವ ಮಕ್ಕಳಿದ್ದಾರೆ. ಕೊಡುವುದಿಲ್ಲ ಎಂದರೆ ಓಣಿಯ ಮುಂದೆ ಅಪ್ಪನ ಮಾನ ಹೋಗುತ್ತದೆ. ಕೊಟ್ಟರೆ?

ಊರು ಬಂತು. ದೊಡ್ಡ ರಸ್ತೆಯಿಂದ ಒಳಗೆ ತಿರುಗುತ್ತಿದ್ದಂತೆ ಮಗ್ಗಗಳ ಸದ್ದು ಗಾಜನ್ನು ದಾಟಿ ಒಳಗೆ ಬಂತು. ಎರಡೂ ಸಾಲಿನ ಮನೆಗಳಲ್ಲಿ ಖಟಾಖಟ್, ಖಟಾಖಟ್; ಈ ಓಣಿಯಲ್ಲಿ ಹಗಲು ಹೊತ್ತು ಯಾರೂ ಮಾತಾಡುವುದಿಲ್ಲ, ಒದರುತ್ತಾರೆ, ಇಲ್ಲವೇ ತುಟಿ ನೋಡಿ ತಿಳಿದುಕೊಳ್ಳುತ್ತಾರೆ.

"ನಿಂದರಸು," ಎಂದ ಅಪ್ಪ.

ನವೀನ ನಿಲ್ಲಿಸಿದ. ಕೈಗಳು ಸ್ಟೇರಿಂಗನ್ನು ಬಿಡಲಿಲ್ಲ.

"ಇಳಿಯಲೇ."

"ಯಪ್ಪಾ..."

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಅಕ್ಷತಾ ಬೆಲ್ಟ್ ಬಿಚ್ಚಿ, ಒಂದು ಕಾಲು ಆಗಲೇ ಹೊರಗೆ ಇಟ್ಟಿದ್ದಳು. "ನಾ ನಡಕೋತ ಬರ್ತೀನಿ. ಕುಂತು ಕುಂತು ಕಾಲು ಜೋಮ್ ಹಿಡದಾವು. ಯಪ್ಪಾ, ಬಾ, ಕೈ ಕೊಡು. ನನಗೊಬ್ಬಾಕಿಗೆ ಏಳಾಕ ಆಗೂದಿಲ್ಲ."

ಖರೆಯೇ ಜೋಮು ಹಿಡಿದಿತ್ತೋ, ನೆಪ ಹೂಡಿದಳೋ, ನವೀನನಿಗೆ ತಿಳಿಯಲಿಲ್ಲ. ಅವಳ ಮುಖ ಬರೀ ದಣಿದಿತ್ತು. ಅಪ್ಪ ಒಂದು ಗಳಿಗೆ ಸ್ಟೇರಿಂಗನ್ನು ನೋಡಿದ, ಒಂದು ಗಳಿಗೆ ಮಗಳನ್ನು. ಆಮೇಲೆ ಇಳಿದು ಹೋಗಿ ಎರಡೂ ಕೈ ಕೊಟ್ಟ. ಅವಳು ಆ ಕೈಗಳನ್ನೇ ಆಧಾರವಾಗಿ ಹಿಡಿದು, ಭಾರ ಹಾಕಿ, ಎದ್ದಳು.

ಹಸಿರು ಸೀರೆಯ ಮಗಳು, ಪಕ್ಕದಲ್ಲಿ ಬಿಳಿ ಅಂಗಿಯ ಅಪ್ಪ. ಇಬ್ಬರೂ ಓಣಿಯ ನಡುವೆ ಹೊರಟರು. ನವೀನ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಅವರ ಹಿಂದೆ ಗಾಡಿಯನ್ನು ತೆವಳಿಸಿದ. ಕಟ್ಟೆಗಳ ಮೇಲಿನ ಮುಖಗಳು ತಿರುಗಿದವು. ಕಂಡಿಕೆಗೆ ನೂಲು ಸುತ್ತುತ್ತಿದ್ದ ತಾಯವ್ವ ಎಂಬ ಮುದುಕಿ ರಾಟೆ ಬಿಟ್ಟು ಎದ್ದು ಬಂದು ಅಕ್ಷತಾಳ ಗಲ್ಲ ಸವರಿ ದೃಷ್ಟಿ ತೆಗೆದಳು. ಸವರಿದ ಕೈ ಕೆಳಗಿಳಿಯುವಾಗ ಅವಳ ಕಣ್ಣು ತಂದೆ ಮಗಳ ಹೆಣೆದ ಬೆರಳುಗಳ ಮೇಲೆ ಬಿತ್ತು. ಅಕ್ಷತಾಳ ಹಸಿರು ಬಳೆಗಳು ತಾವೇ ಕುಣಿಯುತ್ತಿದ್ದವು.

ಮುದುಕಿ ಏನೋ ಕೇಳಿದಳು. ಗಾಜು ಏರಿಸಿದ್ದ ನವೀನನಿಗೆ ತುಟಿ ಕಂಡಿತು. ಕೈ ಯಾಕೋ ರಾಮಲಿಂಗಾ?

ಅಪ್ಪನ ತುಟಿ ಅಲುಗಿತು. ಏನೆಂದನೋ, ಬಹಳ ಮೆಲ್ಲಗೆ ಅಂದಿರಬೇಕು. ತಾಯವ್ವ ಅಂಗೈಯನ್ನು ಕಿವಿಗೆ ಗೂಡು ಮಾಡಿ ಹತ್ತಿರ ಬಾಗಿದಳು. ಎರಡೂ ಕಡೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಅಪ್ಪ ಓಣಿಯ ಆ ಸಾಲು ನೋಡಿದ, ಈ ಸಾಲು ನೋಡಿದ. ನವೀನನ ಉಗುರು ಸ್ಟೇರಿಂಗಿನ ಚರ್ಮಕ್ಕೆ ಇಳಿದಿತ್ತು. ಶುಗರ್ ಎನ್ನಬಹುದು. ಕಣ್ಣು ಎನ್ನಬಹುದು. ಮಗಳನ್ನು ಎಬ್ಬಿಸಿ ಎಬ್ಬಿಸಿ ಸಾಕಾಯಿತು ಎನ್ನಬಹುದು.

ಅಪ್ಪ ಬಾಯಿ ತೆರೆದು ಒದರಿದ. ಈ ಸಲ ಗಾಜಿನೊಳಗೂ ಕೇಳಿಸಿತು.

"ನಡಗತೈತಿ! ಕೈ ನಡಗತೈತಿ ತಾಯವ್ವಾ! ಕುಡುದಿಲ್ಲ ನಾ! ಹಂಗ ನಡಗತೈತಿ!"

ಎದುರಿನ ಶೆಡ್ಡಿನ ಬಾಗಿಲಲ್ಲಿ ಒಂದು ತಲೆ ಹೊರಬಂತು. ಪಕ್ಕದ ಕಟ್ಟೆಯಿಂದ ಇನ್ನೊಬ್ಬಳು ಎದ್ದಳು. ತಾಯವ್ವ ಆ ಕೈಯನ್ನು ಮಗಳ ಹಿಡಿತದಿಂದ ತನ್ನ ಕೈಗೆ ತೆಗೆದುಕೊಂಡು, ಹೊಸ ಸೀರೆಯ ಸೆರಗನ್ನು ನೋಡುವಂತೆ ಅಂಗೈ ನೋಡಿದಳು, ತಿರುಗಿಸಿ ಮುಂಗೈ ನೋಡಿದಳು. ಅವಳೂ ಒದರಿದಳು.

"ಯಾವಾಗಿಂದ?"

ಹಿಂದೆ ಆಟೋದವನು ಹಾರ್ನ್ ಹೊಡೆದ. ಮತ್ತೆ ಹೊಡೆದ. ಹಿಂದಿನ ಸೀಟಿನಲ್ಲಿ ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನವೀನ ಗಾಡಿಯನ್ನು ಮುಂದೆ ಬಿಡಲಿಲ್ಲ. ಬಿಡಲು ಜಾಗವೂ ಇರಲಿಲ್ಲ. ಓಣಿಯ ನಡುವೆ ಅಪ್ಪ ನಿಂತಿದ್ದ, ಕೈ ಎತ್ತಿ ತೋರಿಸಿ ತೋರಿಸಿ ಹೇಳುತ್ತಿದ್ದ, ಮತ್ತು ಒಬ್ಬೊಬ್ಬರೇ ಕಟ್ಟೆ ಇಳಿದು ಬಂದು ಕೇಳಿಸಿಕೊಳ್ಳಲು ಹತ್ತಿರ ನಿಲ್ಲುತ್ತಿದ್ದರು.